ಹಾರ್ನಪ್ಪನ ಮುರಿದ ವಿಶ್ರಾಂತಿ

ಲಾರಿ ಓಡಿಸುವವರ ನಡುವೆ ಅವನಿಗೆ ಹಾರ್ನಪ್ಪನೆಂದೇ ಹೆಸರು. ತಂದೆತಾಯಿ ಇಟ್ಟ ಹೆಸರು ಲೈಸೆನ್ಸಿನ ಮೇಲೆ ಭದ್ರವಾಗಿತ್ತು. ಯಾರೂ ಆ ಹೆಸರಿನಿಂದ ಕರೆಯದ ಕಾರಣ ಅದು ಸವೆದೂ ಇರಲಿಲ್ಲ. ತಮಾಷೆಯೆಂದರೆ, ಅವನಷ್ಟು ಕಡಿಮೆ ಹಾರ್ನ್ ಹೊಡೆಯುವ ಡ್ರೈವರು ಇನ್ನೊಬ್ಬನಿರಲಿಲ್ಲ. ರಸ್ತೆಯ ನಡುವೆ ಎಮ್ಮೆ ಮಲಗಿದ್ದರೆ ಎಂಜಿನ್ ಆರಿಸಿ, "ಎದ್ದಾಗ ಎದ್ದೇಳಲಿ ಬಿಡಿ, ಅದಕ್ಕೇನು ಲೋಡ್ ಇಳಿಸೋದಿದೆಯಾ" ಎಂದು ಕಾಯುವ ಜೀವ ಅದು.

ಆ ಹೆಸರು ಬಂದದ್ದು ಅವನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ. ಡ್ರೈವರು ಇಷ್ಟೇ ಹೊತ್ತು ಓಡಿಸಬೇಕು, ಇಷ್ಟು ಹೊತ್ತು ಮಲಗಲೇಬೇಕು ಎಂಬ ಕಾನೂನು ಆಗ ಇನ್ನೂ ಬಂದಿರಲಿಲ್ಲ. ಎರಡು ರಾತ್ರಿ ಕಣ್ಣು ಮುಚ್ಚದೆ ಓಡಿಸಿದ ಹುಡುಗ ಬೆಳಗಿನ ಹೊತ್ತು ಒಂದು ರೈಲ್ವೆ ಗೇಟಿನ ಮುಂದೆ ನಿಂತ. ರೈಲು ಬರುವ ತನಕ ಎಂದು ತಲೆಯನ್ನು ಸ್ಟೀರಿಂಗಿನ ಮೇಲಿಟ್ಟ. ತಲೆ ಹಾರ್ನಿನ ಗುಂಡಿಯ ಮೇಲೇ ಕೂತಿತು. ರೈಲು ಹೋಯಿತು, ಗೇಟು ಎದ್ದಿತು, ಹಾರ್ನು ಮಾತ್ರ ನಿಲ್ಲಲಿಲ್ಲ. ಹಿಂದಿನವರು ತಮ್ಮನ್ನೇ ಬೈಯುತ್ತಿದ್ದಾನೆಂದು ತಿಳಿದು ಅವರೂ ಹಾರ್ನ್ ಹೊಡೆದರು. ಕೊನೆಗೆ ಗೇಟಿನವನು ಲಾರಿ ಹತ್ತಿ ಹುಡುಗನ ತಲೆಯನ್ನು ಎತ್ತಿದ, ಸದ್ದು ನಿಂತಿತು. ಬಿಟ್ಟ, ತಲೆ ಮತ್ತೆ ಅಲ್ಲೇ ಬಿತ್ತು, ಸದ್ದು ಮತ್ತೆ ಎದ್ದಿತು. ಹಿಂದಿನ ಲಾರಿಯಲ್ಲಿದ್ದವನು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಡ್ರೈವರು. ಅವನು ಬಂದು ಹುಡುಗನನ್ನು ಇಳಿಸಿ, ಮುಖಕ್ಕೆ ನೀರೆರಚಿ, "ಏನಪ್ಪಾ ಹಾರ್ನಪ್ಪಾ, ಬೆಳಗಾಯ್ತಾ?" ಎಂದ. ಸುತ್ತ ನಿಂತವರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಒಂದೇ ಮಾತು ಕೇಳಿದ: "ನಿದ್ದೆ ಗಾಡಿ ನಿಂತಿದ್ದಾಗ ಬಂತು. ಓಡ್ತಿದ್ದಾಗ ಬಂದಿದ್ರೆ?"

ಆ ಪ್ರಶ್ನೆಯನ್ನು ಹಾರ್ನಪ್ಪ ಮರೆಯಲಿಲ್ಲ. ಮುಂದೆ ಕಾನೂನು ಬಂದಾಗ, ಓಡಿಸಿದ ಹೊತ್ತನ್ನೂ ಮಲಗಿದ ಹೊತ್ತನ್ನೂ ಪುಸ್ತಕದಲ್ಲಿ ಬರೆಯಬೇಕೆಂದಾಗ, ಡ್ರೈವರುಗಳೆಲ್ಲ "ಇನ್ನು ಆಕಳಿಸಿದ್ದನ್ನೂ ಬರೀಬೇಕಂತೆ" ಎಂದು ಗೊಣಗಿದರು. ಹಾರ್ನಪ್ಪ ಗೊಣಗಲಿಲ್ಲ.

ಆ ಮೇಸ್ತ್ರಿಯೇ ಕೆಲವು ವರ್ಷಗಳ ಮೇಲೆ ಅವನಿಗೆ ಮಾವನಾದ. ಮೇಸ್ತ್ರಿಯ ಮಗಳು ತಂದೆಯ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದು ಬೆಳೆದವಳು. ಬೀದಿಯ ತಿರುವಿನಲ್ಲಿ ಲಾರಿಯ ಸದ್ದು ಕೇಳಿದರೆ, ಒಳಗಿನಿಂದಲೇ "ಮೂರನೇ ಗೇರಲ್ಲಿ ಬರ್ತಿದೆ, ಎರಡಕ್ಕೆ ಇಳಿಸ್ಬೇಕಿತ್ತು" ಎಂದು ಹೇಳುವಷ್ಟು ಕಿವಿ ಚುರುಕು. ಮದುವೆಯಾಯಿತು, ಮಕ್ಕಳಾದರು, ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ದಾರಿ ಹಿಡಿದರು. ಒಂದು ದಿನ ಊಟಕ್ಕೆ ಬಡಿಸುತ್ತ ಅವಳೆಂದಳು:

"ರೀ, ನಮ್ಮ ಮದುವೆಯಾಗಿ ಇಷ್ಟು ವರ್ಷ ಆಯ್ತಲ್ಲ, ಅದ್ರಲ್ಲಿ ನೀವು ಮನೇಲಿದ್ದ ದಿನ ಮಾತ್ರ ಕೂಡಿಸಿದ್ರೆ, ನಾವಿನ್ನೂ ಹೊಸ ಮದುಮಕ್ಕಳು."

"ಹೌದಾ? ಹಾಗಾದ್ರೆ ಇನ್ನೊಂದು ಸ್ವಲ್ಪ ಸಾರು ಹಾಕು, ಹೊಸ ಅಳಿಯ ನಾನು."

"ತಮಾಷೆ ಬೇಡ. ನಾನೂ ಲಾರಿ ಓಡಿಸ್ತೀನಿ. ಒಬ್ರು ಓಡಿಸೋವಾಗ ಒಬ್ರು ಮಲಗಿದ್ರೆ ಕಾನೂನಿಗೂ ಸರಿ, ನನಗೂ ಸರಿ."

ಹಾರ್ನಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಅವನ ಮುಖ ತುಂಬ ನಗು ಹರಡಿತು. ಇಷ್ಟು ದಿನ ಇದು ತನಗೇ ಏಕೆ ಹೊಳೆಯಲಿಲ್ಲವೆಂದು ಅವನಿಗೆ ಬೆರಗಾಯಿತು.

ಕಾಲವೂ ಕೂಡಿಬಂದಿತ್ತು. ಲಾರಿಯ ಯಜಮಾನನಿಗೆ ದೂರದ ಬಂದರಿನವರೆಗೆ ಹೊಸ ಸರಕು ಸಿಕ್ಕಿತ್ತು. ಗಾಡಿಯೊಂದಕ್ಕೆ ಇಬ್ಬರು ಡ್ರೈವರು ಬೇಕು. "ನಿನ್ನ ಹೆಂಡ್ತಿ ಈ ಸಲದ ಪರೀಕ್ಷೇಲಿ ಪಾಸಾದ್ರೆ ಆ ಗಾಡಿ ನಿಮಗೇ. ಇಲ್ಲಾಂದ್ರೆ ಅಣ್ಣತಮ್ಮ ಇಬ್ರು ಕಾಯ್ತಿದ್ದಾರೆ, ಅವರಿಗೆ ಕೊಡ್ತೀನಿ. ನನಗೂ ಕಾಯೋಕೆ ಆಗಲ್ಲ" ಎಂದು ಯಜಮಾನ ಹೇಳಿದ. ಭಾರಿ ವಾಹನಗಳ ಪರೀಕ್ಷಕರು ಹಾರ್ನಪ್ಪನ ಪಟ್ಟಣಕ್ಕೆ ಬರುತ್ತಿದ್ದದ್ದೇ ಅಪರೂಪ. ಈ ಸಲ ತಪ್ಪಿದರೆ ಬಂದರಿನ ದಾರಿ ಅಣ್ಣತಮ್ಮಂದಿರ ಪಾಲು.

ಮಗಳಿಗೆ ಕಲಿಸಲು ಮೊದಲು ಮುಂದೆ ಬಂದವನು ಮಾವ. ಒಂದೇ ಪಾಠಕ್ಕೆ ಅದು ಮುಗಿಯಿತು. "ಅಪ್ಪಾ, ನೀನು ಬಾಯಿ ತೆಗೆದ್ರೆ ನನ್ನ ಕಾಲಿಗೆ ಬ್ರೇಕ್ ಎಲ್ಲಿದೆ ಅನ್ನೋದೇ ಮರೆತುಹೋಗುತ್ತೆ" ಎಂದು ಅವಳು ಇಳಿದುಬಿಟ್ಟಳು. ಆಮೇಲೆ ಹಾರ್ನಪ್ಪನೇ ರಜೆಯ ದಿನಗಳಲ್ಲಿ ಖಾಲಿ ಮೈದಾನದಲ್ಲಿ ಕಲಿಸಿದ. ಅವಳು ತಿರುವು ಕಲಿತಳು, ಹಿಂದಕ್ಕೆ ತೆಗೆಯುವುದನ್ನು ಕಲಿತಳು. ಏರಿನಲ್ಲಿ ನಿಲ್ಲಿಸಿದ ಲಾರಿಯನ್ನು ಹಿಂದೆ ಜಾರದಂತೆ ಎತ್ತುವುದೊಂದು ಮಾತ್ರ ಕೈಹಿಡಿಯಲಿಲ್ಲ. ಕ್ಲಚ್ಚು ಅರ್ಧ ಎದ್ದು ಗಾಡಿ ನಡುಗುವ ಆ ಗಳಿಗೆಯಲ್ಲಿ ಕೈಬ್ರೇಕು ಬಿಡಬೇಕು. ಹಾರ್ನಪ್ಪ ಪಕ್ಕದಲ್ಲಿ ಕೂತು "ಈಗ!" ಎಂದರೆ ಸಲೀಸಾಗಿ ಎತ್ತುತ್ತಿದ್ದಳು, ಅವನು ಸುಮ್ಮನಿದ್ದರೆ ಲಾರಿ ಹಿಂದಕ್ಕೆ ಹೊರಡುತ್ತಿತ್ತು. "ಪರೀಕ್ಷೇಲಿ ನೀವು ಪಕ್ಕದಲ್ಲಿ ಇರಲ್ವಲ್ಲ" ಎಂದು ಅವಳು ಚಿಂತಿಸಿದರೆ, "ಆವತ್ತು ಬರುತ್ತೆ ಬಿಡೆ" ಎಂದು ಇವನು ಸಮಾಧಾನ ಹೇಳುತ್ತಿದ್ದ. ಬರುತ್ತದೆಂಬ ಭರವಸೆ ಅವನಿಗೂ ಇರಲಿಲ್ಲ.

ಪರೀಕ್ಷೆ ಮಧ್ಯಾಹ್ನದ ಮೇಲಿತ್ತು. ಪರೀಕ್ಷೆಗೆ ಬರುವವರು ಗಾಡಿಯನ್ನು ತಾವೇ ತರಬೇಕು. ಹಾರ್ನಪ್ಪ ಲೆಕ್ಕಾಚಾರ ಮಾಡಿಯೇ ಇಟ್ಟಿದ್ದ. ಪಿಂಗಾಣಿ ತೊಟ್ಟಿಗಳ ಲೋಡನ್ನು ಮುಟ್ಟಿಸಿ, ಬೆಳಕು ಹರಿಯುವ ಹೊತ್ತಿಗೆ ಹೆದ್ದಾರಿಯ ಪಕ್ಕದ ಲಾರಿ ನಿಲ್ದಾಣಕ್ಕೆ ಬಂದ. ಅಲ್ಲಿಗೆ ಅವನ ಓಡಿಸುವ ಹೊತ್ತು ಮುಗಿದಿತ್ತು. ಇನ್ನು ಕಾನೂನು ಹೇಳಿದಷ್ಟು ವಿಶ್ರಾಂತಿ, ನಡುವೆ ಎಲ್ಲೂ ಮುರಿಯದ ಹಾಗೆ. ಅದು ಮುಗಿಸಿ ಹೊರಟರೆ ಮನೆಯ ಪಟ್ಟಣಕ್ಕೆ ಸಾವಕಾಶವಾಗಿ ಸೇರಬಹುದು. ಪುಸ್ತಕ ತೆಗೆದು "ವಿಶ್ರಾಂತಿ ಆರಂಭ" ಎಂದು ಗುಂಡಗೆ ಬರೆದ. ಸೀಟಿನ ಹಿಂದಿನ ಮಲಗುವ ಹಲಗೆಯ ಮೇಲೆ ಮೈಚಾಚಿ ಪರದೆ ಎಳೆದುಕೊಂಡ. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಶುರುವಾಯಿತು.

ಬಿಸಿಲೇರಿದಾಗ ಯಾರೋ ಬಾಗಿಲು ಬಡಿದರು. ಹಾಲಿನ ಟ್ಯಾಂಕರಿನವನು.

"ಅಣ್ಣಾ, ಅಣ್ಣಾ! ನಿಮ್ಮ ಗಾಡಿ ಮೂತಿ ನನ್ನ ದಾರಿಗೆ ಅಡ್ಡ ಇದೆ. ಸ್ವಲ್ಪ ಹಿಂದೆ ತಗೊಳ್ಳಿ. ಬಿಸಿಲು ನೋಡಿ, ತಡವಾದ್ರೆ ಹಾಲು ಒಡೆದುಹೋಗುತ್ತೆ!"

ನಿದ್ದೆಗಣ್ಣಿನ ಹಾರ್ನಪ್ಪನ ಕಿವಿಗೆ ಹಾಲು ಒಡೆಯುವ ಮಾತು ಬಿದ್ದದ್ದೇ ಸಾಕಾಯಿತು. ಬರಿಗಾಲಿನಲ್ಲಿ ಸೀಟಿಗೆ ಜಾರಿ, ಎಂಜಿನ್ ಎಬ್ಬಿಸಿ, ಲಾರಿಯನ್ನು ಅರ್ಧ ಲಾರಿಯಷ್ಟು ಹಿಂದಕ್ಕೆ ತೆಗೆದ. ಟ್ಯಾಂಕರಿನವನು ಕೈಮುಗಿದು ಹೋದ. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಹಾರ್ನಪ್ಪ ಮತ್ತೆ ಮಲಗಿದ. ಮೊದಲಿನದಕ್ಕಿಂತಲೂ ಒಳ್ಳೆಯ ನಿದ್ದೆ ಬಂತು.

ಎದ್ದು ಮುಖ ತೊಳೆದು, ತಲೆ ಬಾಚಿ, ಹೊಸ ಅಂಗಿ ತೊಟ್ಟು ಸೀಟಿನಲ್ಲಿ ಕೂತಾಗ ಕಣ್ಣು ಚಾಡಿಪೆಟ್ಟಿಗೆಯ ಮೇಲೆ ಬಿತ್ತು. ಚಕ್ರ ಉರುಳಿದ್ದನ್ನೂ ನಿಂತದ್ದನ್ನೂ ತಾನೇ ಬರೆದುಕೊಳ್ಳುವ ಆ ಪುಟ್ಟ ಯಂತ್ರಕ್ಕೆ ಡ್ರೈವರುಗಳು ಇಟ್ಟ ಹೆಸರು ಅದು. ಅದರ ಗಾಜಿನ ಮೇಲೆ ವಿಶ್ರಾಂತಿಯ ಲೆಕ್ಕ ಬೆಳಗಿನಿಂದ ಇರಲಿಲ್ಲ. ಹಾಲಿನ ಟ್ಯಾಂಕರು ಹೋದ ಗಳಿಗೆಯಿಂದ ಇತ್ತು. ನಡುವೆ ಡ್ರೈವರು ತಾನೇ ಚಕ್ರ ಉರುಳಿಸಿದರೆ, ಒಂದು ಮೊಳವಾದರೂ ಸರಿ, ಅಲ್ಲಿಯವರೆಗಿನ ವಿಶ್ರಾಂತಿ ನೀರಿನಲ್ಲಿ ಹೋಮ. ಹೊಸದಾಗಿ ಮೊದಲಿನಿಂದ ಮಲಗಬೇಕು. ಅಂದರೆ ಅವನು ಸ್ಟೀರಿಂಗ್ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ಪರೀಕ್ಷಕರು ಊರಿಗೆ ಹೋಗಿ ಕಾಲು ಚಾಚಿರುತ್ತಾರೆ.

ಹಾರ್ನಪ್ಪ ಹಣೆ ಚಚ್ಚಿಕೊಂಡ. ಈ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರಿಗೆ ತಾನೇ ಹೇಳಿಕೊಟ್ಟವನು. ಆದರೆ ನಿಯಮ ಎಚ್ಚರವಿದ್ದ ತಲೆಯಲ್ಲಿತ್ತು, ಲಾರಿ ಸರಿಸಿದ್ದು ಮಲಗಿದ್ದ ತಲೆ.

ಪಕ್ಕದ ಎಣ್ಣೆ ಟ್ಯಾಂಕರಿನಿಂದ ಚಹಾದ ಲೋಟ ಹಿಡಿದು ಇಳಿದು ಬಂದವನು ಹಳೆಯ ಗೆಳೆಯ. ಎಲ್ಲದಕ್ಕೂ ಒಂದು ಹಂಚಿಕೆ ಹೇಳುತ್ತಿದ್ದುದರಿಂದ ಅವನನ್ನು ಎಲ್ಲರೂ ಉಪಾಯ ಎಂದೇ ಕರೆಯುತ್ತಿದ್ದರು.

"ಏನ್ ಗುರು, ಹೊಸ ಅಂಗಿ, ಹಳೇ ಮುಖ?"

ಹಾರ್ನಪ್ಪ ಆದದ್ದನ್ನು ಹೇಳಿದ. ಉಪಾಯ ಹೊಟ್ಟೆ ಹಿಡಿದು ನಕ್ಕ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀನೇ! ಅವನ ಹಾಲು ಒಡೀಬಾರ್ದು ಅಂತ ನಿನ್ನ ವಿಶ್ರಾಂತಿ ಒಡೆದುಕೊಂಡ್ಯಲ್ಲೋ!"

"ನಗು ಆಮೇಲೆ ಇರಲಿ. ನೀನು ಓಡಿಸ್ತೀಯಾ?"

"ನನ್ನ ವಿಶ್ರಾಂತಿ ಈಗ ತಾನೆ ಶುರುವಾಯ್ತು. ಅವನದ್ದೂ ಆಗಿಲ್ಲ, ಇವನದ್ದೂ ಆಗಿಲ್ಲ, ನೋಡಲ್ಲಿ." ನಿಲ್ದಾಣದ ತುಂಬ ಲಾರಿಗಳು, ಲಾರಿಗಳ ತುಂಬ ಡ್ರೈವರುಗಳು. ಒಬ್ಬ ಬಟ್ಟೆ ಒಗೆಯುತ್ತಿದ್ದ, ಒಬ್ಬ ಕನ್ನಡಿ ಹಿಡಿದು ಗಡ್ಡ ಕೆರೆಯುತ್ತಿದ್ದ, ಉಳಿದವರ ಪಾದಗಳಷ್ಟೇ ಕಿಟಕಿಗಳಲ್ಲಿ ಕಾಣುತ್ತಿದ್ದವು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಉಪಾಯ ದನಿ ತಗ್ಗಿಸಿದ. "ಒಂದು ಕೆಲಸ ಮಾಡು. ಪೆಟ್ಟಿಗೆಯ ವೈರು ಕಿತ್ತುಬಿಡು. ಕೆಟ್ಟುಹೋಗಿತ್ತು ಅನ್ನು. ಪುಸ್ತಕದಲ್ಲಿ ಬೆಳಗ್ಗೆ ಬರೆದದ್ದು ಹೇಗೂ ಇದೆ. ಅತ್ತಿಗೆ ಪರೀಕ್ಷೆ ದೊಡ್ಡದೋ, ಈ ಡಬ್ಬಿ ದೊಡ್ಡದೋ?"

ಹಾರ್ನಪ್ಪ ಪೆಟ್ಟಿಗೆಯನ್ನು ನೋಡಿದ. ವೈರು ತೆಳ್ಳಗಿತ್ತು, ಎಳೆದರೆ ಬರುವಂಥದ್ದು. ಕೈ ಅಲ್ಲಿಯವರೆಗೆ ಹೋಯಿತು ಕೂಡ. ಬಂದರು, ಉದ್ದನೆಯ ದಾರಿ, ಪಕ್ಕದಲ್ಲಿ ಹೆಂಡತಿ ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಬೇಡ ಮಾರಾಯ. ನನಗೆ ಒಂದ್ಸಲ ಗೇಟಿನವನು ತಲೆ ಎತ್ತಿದ್ದು ಸಾಕು" ಎಂದ. ಪುಸ್ತಕ ತೆಗೆದು, "ಹಾಲಿನ ಗಾಡಿಗೆ ದಾರಿ ಬಿಡಲು ಲಾರಿ ಸರಿಸಿದೆ. ನನ್ನದೇ ತಪ್ಪು. ವಿಶ್ರಾಂತಿ ಮತ್ತೆ ಆರಂಭ" ಎಂದು ಬರೆದು ಸಹಿ ಹಾಕಿದ. ಉಪಾಯ ತಲೆಯಾಡಿಸಿ, "ನಿನ್ನಂಥವರು ಇನ್ನೂ ನಾಲ್ಕು ಜನ ಇದ್ದಿದ್ರೆ ನನ್ನ ಹೆಸರೇ ಬದಲಾಗ್ತಿತ್ತು" ಎಂದು ತನ್ನ ಚಹಾವನ್ನೇ ಅವನಿಗೆ ಕೊಟ್ಟ.

ಇನ್ನು ಮನೆಗೆ ಹೇಳಬೇಕಿತ್ತು. ಹೆಂಡತಿಗೆ ಫೋನು ಮಾಡಿದ. ಹಾಲಿನ ಕಥೆಯನ್ನೂ ಉಪಾಯನ ವೈರಿನ ಮಾತನ್ನೂ ಹೇಳಿ ಮುಗಿಸಿದ.

"ರೀ, ಮನೇಲಿ ಹಾಲು ಉಕ್ಕಿ ಒಲೆ ಮೇಲೆ ಹರಿದ್ರೂ ನೀವು ಯಾವತ್ತಾದ್ರೂ ಎದ್ದಿದ್ದೀರಾ?"

"ಇಲ್ಲ ಕಣೆ."

"ಕಂಡೋರ ಹಾಲಿಗೆ ಎದ್ರಿ!"

"ತಪ್ಪಾಯ್ತು ಕಣೆ. ಈಗ ಏನ್ಮಾಡೋದು?"

"ಗಾಡಿ ಖಾಲಿ ಇದೆ ತಾನೆ? ಡೀಸೆಲ್ ಇದೆ ತಾನೆ? ನೀವು ಒಂದೇ ಒಂದು ಕೆಲಸ ಮಾಡಿ. ಏನೂ ಮಾಡ್ಬೇಡಿ. ಮಲಗಿ. ನಾನು ಬಸ್ಸಿಗೆ ಬರ್ತೀನಿ."

"ನೀನು ಬಂದು? ನಿನ್ನದು ಕಲಿಯೋರ ಲೈಸೆನ್ಸು. ಪಕ್ಕದಲ್ಲಿ ಪಕ್ಕಾ ಲೈಸೆನ್ಸಿನವರು ಇರಬೇಕು. ನಾನು ಪಕ್ಕದಲ್ಲಿ ಕೂತರೆ ಅದೂ ಕೆಲಸವೇ, ವಿಶ್ರಾಂತಿ ಅಲ್ಲ."

"ನಿಯಮ ನನಗೆ ಹೇಳ್ಬೇಡಿ. ತರಕಾರಿ ಹೆಚ್ಚುವಾಗೆಲ್ಲ ಅದನ್ನೇ ಓದಿದ್ದೀನಿ. ಅಪ್ಪನ ಲೈಸೆನ್ಸು ಇನ್ನೂ ನಡೀತಿದೆ."

ನಡೆಯುತ್ತಿತ್ತು, ನಿಜ. ಮಾವ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಲೈಸೆನ್ಸನ್ನು ಮಾತ್ರ ಬಿಟ್ಟಿರಲಿಲ್ಲ. ಹೊಸದು ಮಾಡಿಸಬೇಕಾದಾಗಲೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಕಣ್ಣು ತೋರಿಸಿ, ಮಾಡಿಸಿಕೊಂಡು ಬರುತ್ತಿದ್ದ. "ಯಾಕೆ ಮಾವ?" ಎಂದು ಕೇಳಿದರೆ "ನಿನಗ್ಯಾಕೆ?" ಎನ್ನುತ್ತಿದ್ದ.

ಬಸ್ಸು ಹೆದ್ದಾರಿಯ ಬದಿಯಲ್ಲಿ ಅವರಿಬ್ಬರನ್ನೂ ಇಳಿಸಿತು. ಹೆಂಡತಿ ಸೆರಗನ್ನು ಸೊಂಟಕ್ಕೆ ಬಿಗಿದು, ಕಂಕುಳಲ್ಲಿ ಕಲಿಯುವವರ ಕೆಂಪು 'ಎಲ್' ಹಲಗೆ ಇರಿಸಿಕೊಂಡು ಬಂದಳು. ಅವಳ ಹಿಂದೆ ಬಿಳಿ ಅಂಗಿಯ ಮಾವ, ಹೊಸ ನೆಂಟನಂತೆ. ಉಪಾಯ "ಅತ್ತಿಗೆ, ದಾರಿಯಲ್ಲಿ ಎಣ್ಣೆ ಟ್ಯಾಂಕರ್ ಸಿಕ್ಕಿದ್ರೆ ದೂರ ಇರಿ, ನನಗೆ ಮಕ್ಕಳಿವೆ" ಎಂದ. "ದೂರ ಇರಬೇಕಾದವರು ನೀವು ಮೈದುನ, ಎಲ್ಲರಿಗೂ ವೈರು ಕೀಳೋದು ಹೇಳಿಕೊಡ್ತೀರಂತೆ" ಎಂದು ಅವಳು ತಿರುಗಿ ಕೊಟ್ಟಳು. ಒಗೆದ ಬಟ್ಟೆ ಮಡಿಸುತ್ತಿದ್ದವನು ಕಿಸಕ್ಕನೆ ನಕ್ಕ.

ಲಾರಿ ಹತ್ತುವ ಮೊದಲು ಅವಳು ಇಬ್ಬರಿಗೂ ಕಟ್ಟಪ್ಪಣೆ ಮಾಡಿದಳು. "ಅಪ್ಪಾ, ನೀನು ಹೇಳಿಕೊಡ್ಬಹುದು, ಕೂಗೋ ಹಾಗಿಲ್ಲ. ರೀ, ನೀವು ಹಿಂದೆ ಮಲಗಿ, ಪರದೆ ಎಳ್ಕೊಳ್ಳಿ. ಒಂದಕ್ಷರ ಮಾತಾಡೋ ಹಾಗಿಲ್ಲ. ನೀವು ಹೇಳಿಕೊಟ್ರೆ ಅದು ಕೆಲಸ. ಇನ್ನೊಂದ್ಸಲ ಮುರಿದ್ರೆ ನಾಳೆಯೂ ನಿಮಗೆ ಗಾಡಿ ಇಲ್ಲ."

"ಕೆಮ್ಮು ಬಂದ್ರೆ?"

"ಕೆಮ್ಮಿ. ಅರ್ಥ ಇಟ್ಟು ಕೆಮ್ಮಬೇಡಿ."

ಹಾರ್ನಪ್ಪ ಹಲಗೆಯ ಮೇಲೆ ಮಲಗಿ ಪರದೆ ಎಳೆದುಕೊಂಡ. ಅಷ್ಟು ವರ್ಷ ಅದೇ ಲಾರಿ ಓಡಿಸಿದ್ದರೂ, ಇನ್ನೊಬ್ಬರು ಓಡಿಸುವಾಗ ಅದರೊಳಗೆ ಮಲಗಿದ್ದು ಅದೇ ಮೊದಲು. ಲಾರಿ ಹೊರಟಿತು. ಅವನ ಬಲಗಾಲು ತಾನಾಗಿಯೇ ಹಲಗೆಯ ತುದಿಯನ್ನು ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ, ಮಡಿಸಿಟ್ಟ ಹೊದಿಕೆ ಇತ್ತು. ಗೇರು ಬಿದ್ದ ಸದ್ದು ಕೇಳಿದಾಗಲೆಲ್ಲ ಅವನ ಎಡಗೈ ಗಾಳಿಯಲ್ಲಿ ಗೇರು ಬದಲಿಸುತ್ತಿತ್ತು. ಮುಂದಿನಿಂದ ಮಾವನ ದನಿ ಬರುತ್ತಿತ್ತು. ಹುಟ್ಟಿದಾರಭ್ಯ ಪಿಸುಗುಟ್ಟಿದವನಲ್ಲ ಮಾವ; ಈಗ ಮಗಳಿಗೆ ಹೆದರಿ ಪಿಸುಗುಟ್ಟುತ್ತಿದ್ದ.

"ಮಗಳೇ... ಬಸ್ಸು... ಬಸ್ಸು ಬರ್ತಿದೆ ಮಗಳೇ..."

"ಕಾಣ್ತಿದೆಯಪ್ಪ. ಅದೇನು ಕಿವಿಯಲ್ಲಿ ಗುಟ್ಟು ಹೇಳ್ದಂಗೆ ಹೇಳ್ತೀಯಾ?"

"ಕೂಗ್ಬಾರ್ದು ಅಂದ್ಯಲ್ಲ..."

ಪರದೆಯ ಹಿಂದೆ ಹಾರ್ನಪ್ಪ ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡು ನಕ್ಕ.

ಹೀಗೆ ಅರ್ಧ ದಾರಿ ನಗುನಗುತ್ತಲೇ ಸಾಗಿತು. ಆಮೇಲೆ ದೊಡ್ಡ ದಿಣ್ಣೆ ಬಂತು. ಲಾರಿ ಏರುತ್ತಿದ್ದಂತೆ ಎಂಜಿನ್ನಿನ ಗಂಟಲು ಕಟ್ಟಿತು, ಗೇರು ಇಳಿಯಿತು, ಮತ್ತೊಂದು ಇಳಿಯಿತು. ಇದ್ದಕ್ಕಿದ್ದಂತೆ ಬ್ರೇಕು ಬಿದ್ದು ಲಾರಿ ನಿಂತಿತು. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಏರಲಾರದೆ ನಿಂತಿದೆಯೆಂಬುದು ಮಾವನ ಪಿಸುಮಾತಿನಿಂದ ತಿಳಿಯಿತು. ಹಿಂದೆ ಸಾಲು ಸಾಲು ವಾಹನಗಳು ನಿಂತ ಸದ್ದು ಕೇಳಿಸಿತು. ಹಾರ್ನಪ್ಪನ ನಗು ಆರಿಹೋಯಿತು. ಸರಿಯಾಗಿ ಏರಿನ ನಡುವೆ, ಹಿಂದೆ ಜಾರಲು ಒಂದು ಗೇಣೂ ಜಾಗವಿಲ್ಲದ ಕಡೆ.

ಟ್ರ್ಯಾಕ್ಟರು ಮುಂದೆ ಹೋಯಿತು. ಮುಂದಿನ ಸೀಟುಗಳಲ್ಲಿ ಮಾತೇ ಇಲ್ಲ. ಮಾವನಿಗೂ ಪಿಸುಮಾತು ಮರೆತುಹೋಗಿತ್ತು. ಎಂಜಿನ್ನು ಮೊರೆಯಿತು. ಕ್ಲಚ್ಚು ಮೇಲೇಳುತ್ತಿದೆ, ಮಲಗುವ ಹಲಗೆಯ ಮೂಲಕ ಅದರ ನಡುಕ ಹಾರ್ನಪ್ಪನ ಬೆನ್ನಿಗೆ ಬಂತು. "ಈಗ" ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ನಡುಕ ಹೆಚ್ಚಿತು. ಅದೇ ಗಳಿಗೆಯಲ್ಲಿ, ಅವನ ಬಾಯೊಳಗೆ ಆ ಮಾತು ಸಿಕ್ಕಿಕೊಂಡಿದ್ದ ಗಳಿಗೆಯಲ್ಲೇ, ಮುಂದೆ ಕೈಬ್ರೇಕು ಬಿಟ್ಟ ಸದ್ದಾಯಿತು. ಲಾರಿ ಒಮ್ಮೆ ಉಸಿರೆಳೆದುಕೊಂಡಂತೆ ಮಾಡಿ ಮುಂದಕ್ಕೆ ಹತ್ತಿತು. ಕೂದಲೆಳೆಯಷ್ಟೂ ಹಿಂದೆ ಜಾರಲಿಲ್ಲ.

"ಶಭಾಷ್!" ಎಂದು ಮಾವ ಇಡೀ ದಿಣ್ಣೆಗೆ ಕೇಳುವಂತೆ ಕೂಗಿದ.

"ಅಪ್ಪಾ!"

"ಇದು ಹೇಳಿಕೊಟ್ಟದ್ದಲ್ಲ ಮಗಳೇ, ಹೊಗಳಿದ್ದು!"

ಪರದೆಯ ಹಿಂದೆ ಹಾರ್ನಪ್ಪನ ಕಣ್ಣು ತೇವವಾಗಿತ್ತು, ಬಾಯಿ ಇನ್ನೂ ಮುಚ್ಚಿಯೇ ಇತ್ತು.

ದಿಣ್ಣೆಯ ತುದಿಯಲ್ಲಿ ತಪಾಸಣೆಯವರು ಲಾರಿಯನ್ನು ನಿಲ್ಲಿಸಿದರು. ಬಂದವರು ಕನ್ನಡಕದ ಒಬ್ಬ ಹೆಂಗಸು. ಕೆಂಪು ಹಲಗೆ ನೋಡಿದರು, ಕಲಿಯುವವಳ ಲೈಸೆನ್ಸು ನೋಡಿದರು, ಮಾವನ ಲೈಸೆನ್ಸನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಪುಸ್ತಕವನ್ನೂ ಪೆಟ್ಟಿಗೆಯನ್ನೂ ತಾಳೆ ನೋಡುತ್ತಿದ್ದವರು ಹಾಲಿನ ಗಾಡಿಯ ಸಾಲಿನಲ್ಲಿ ನಿಂತರು.

"ಇದನ್ನ ಬರೆದ ಮಹಾನುಭಾವರು ಎಲ್ಲಿ?"

ಪರದೆಯ ಸಂದಿನಿಂದ ಒಂದು ತಲೆ ಹೊರಬಂತು.

"ನೀವೇನಾ? ಹೊರಗೆ ಬಂದು ಗಾಡಿ ಓಡಿಸೋದು ಹೇಳಿಕೊಟ್ರಾ?"

ತಲೆ ಅಡ್ಡಡ್ಡ ಆಡಿತು.

"ಬಾಯಲ್ಲಿ ಹೇಳಿ."

ಹಾರ್ನಪ್ಪ ಹೆಂಡತಿಯ ಮುಖ ನೋಡಿದ. ಅವಳು "ಮೇಡಂ ಕೇಳಿದ್ರೆ ಮಾತಾಡ್ಬಹುದು ರೀ" ಎಂದಳು. ಅವನು "ಇಲ್ಲ ಮೇಡಂ" ಎಂದ. ದಿಣ್ಣೆಯ ಬುಡದಿಂದ ತಡೆದಿಟ್ಟಿದ್ದ ಉಸಿರೆಲ್ಲ ಆ ಎರಡು ಮಾತಿನ ಜೊತೆ ಹೊರಬಂತು.

ಕನ್ನಡಕದವರ ತುಟಿ ಬಿಗಿಯಲು ನೋಡಿ ಸೋತಿತು. "ಇಷ್ಟು ವರ್ಷದಲ್ಲಿ 'ನನ್ನದೇ ತಪ್ಪು' ಅಂತ ಪುಸ್ತಕದಲ್ಲಿ ಬರೆದವರನ್ನ ನಾನು ನೋಡಿರಲಿಲ್ಲ. ತಪ್ಪು ಹೌದು. ಇನ್ನೊಂದ್ಸಲ ಮಲಗೋಕೆ ಮುಂಚೆ ಯಾರಿಗೂ ಅಡ್ಡ ಆಗದ ಜಾಗ ನೋಡಿ ನಿಲ್ಲಿಸಿ. ಹೊರಡಿ, ಹೊತ್ತಾಯ್ತು. ಅಮ್ಮ, ನಿಮ್ಮ ಬಲಗಡೆಯ ಕನ್ನಡಿ ಸ್ವಲ್ಪ ಒಳಗೆ ತಿರುಗಿಸಿಕೊಳ್ಳಿ."

ಪರೀಕ್ಷೆಯ ಮೈದಾನಕ್ಕೆ ಲಾರಿ ಬಂದಾಗ ಪರೀಕ್ಷಕರು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಎತ್ತರದ ತೆಳು ಮನುಷ್ಯ. ಮುಖದಲ್ಲಿ ನಗುವಿನ ಗುರುತು ಎಲ್ಲೂ ಇರಲಿಲ್ಲ. ಹಾರ್ನಪ್ಪನೂ ಮಾವನೂ ಬೇಲಿಯ ಹೊರಗೆ ನಿಂತರು. ಅವಳು ಪೀಪಾಯಿಗಳ ನಡುವೆ ಲಾರಿಯನ್ನು ಹಾವಿನಂತೆ ಹರಿಸಿದಳು, ಗೋಡೆಯ ಗೆರೆಯವರೆಗೆ ಹಿಂದಕ್ಕೆ ತೆಗೆದಳು. ಒಂದು ಪೀಪಾಯಿಗೆ ಲಾರಿ ತೀರ ಹತ್ತಿರ ಹೋದಾಗ ಮಾವ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡ. ಕೊನೆಗೆ ಮಣ್ಣು ಒಟ್ಟಿ ಮಾಡಿದ ಏರು. ಅರ್ಧಕ್ಕೆ ನಿಲ್ಲಿಸಲು ಪರೀಕ್ಷಕರು ಕೈತೋರಿದರು. ಹಿಂದಿನ ಚಕ್ರದ ಹಿಂದೆ ಒಂದು ಬೆಂಕಿಪೆಟ್ಟಿಗೆಯನ್ನು ಇಟ್ಟು ಬಂದರು. ಜಾರಿದರೆ ಅದು ಅಪ್ಪಚ್ಚಿ.

"ಅಳಿಯಂದ್ರೇ, ಈಗ ನೀವು ವಿಶ್ರಾಂತೀಲಿ ಇದ್ದೀರಿ. ಬಾಯಿ ಬಿಡಬೇಡಿ" ಎಂದು ಮಾವ ಹಲ್ಲು ಕಚ್ಚಿ ಹೇಳಿದ.

"ನೀವು ಕೈ ಬಿಡಿ ಮಾವ, ನನ್ನ ಹೊಸ ಅಂಗಿ ಹರೀತಿದೆ" ಎಂದ ಹಾರ್ನಪ್ಪ. ಮಾವ ಬೇಲಿ ಬಿಟ್ಟು ಅವನ ತೋಳು ಹಿಡಿದಿದ್ದ.

ಎಂಜಿನ್ನು ಮೊರೆಯಿತು. ಈ ಸಲ ಹಾರ್ನಪ್ಪನಿಗೆ ಆ ಮಾತು ನಾಲಗೆಗೆ ಬರಲೇ ಇಲ್ಲ. ಅವಳ ಮುಖವನ್ನಷ್ಟೇ ನೋಡುತ್ತಿದ್ದ. ಅವಳು ಯಾರ ಕಡೆಗೂ ನೋಡುತ್ತಿರಲಿಲ್ಲ. ತಲೆ ಕೊಂಚ ವಾಲಿಸಿ, ಒಳಗಿನಿಂದ ಬೀದಿಯ ಲಾರಿಗಳನ್ನು ಆಲಿಸುತ್ತಿದ್ದ ಹುಡುಗಿಯ ಹಾಗೆ, ಆಲಿಸುತ್ತಿದ್ದಳು. ಲಾರಿ ಏರಿನ ಮೇಲಕ್ಕೆ ಹೋಯಿತು. ಪರೀಕ್ಷಕರು ಬಗ್ಗಿ ಬೆಂಕಿಪೆಟ್ಟಿಗೆ ಎತ್ತಿದರು, ಅಲ್ಲಾಡಿಸಿದರು, ಕಡ್ಡಿಗಳು ಸದ್ದು ಮಾಡಿದವು. ಅದನ್ನು ಜೇಬಿಗೆ ಹಾಕಿಕೊಂಡು ಕಾಗದದ ಮೇಲೆ ಗೀಚಿದರು.

"ಯಾರು ಕಲಿಸಿದ್ದು?" ಎಂದು ಇಳಿದು ಬಂದವಳನ್ನು ಕೇಳಿದರು.

ಬೇಲಿಯಾಚೆ ಇಬ್ಬರೂ ಒಟ್ಟಿಗೆ "ನಾನು" ಎಂದರು.

ಪರೀಕ್ಷಕರು ಮೊದಲ ಸಲ ನಕ್ಕರು. "ಇಬ್ಬರೂ ಬಾಯಿ ಮುಚ್ಚಿದ್ದಾಗ ಚೆನ್ನಾಗಿ ಓಡಿಸ್ತಾರೆ" ಎಂದು ಕಾಗದವನ್ನು ಅವಳ ಕೈಗೆ ಕೊಟ್ಟರು.

ಹಾರ್ನಪ್ಪ ಅಲ್ಲಿಂದಲೇ ಯಜಮಾನನಿಗೆ ಫೋನು ಮಾಡಿದ. ಆ ಕಡೆಯಿಂದ "ಹಾಗಾದ್ರೆ ಬರೋ ವಾರ ಬಂದರಿಗೆ ಹೊರಡಿ. ಗಾಡಿಯಲ್ಲಿ ಜಗಳ ಆಡ್ಬೇಡಿ" ಎಂಬ ಮಾತು ಬಂತು. ಇವನು "ಆಡಲ್ಲ ಯಜಮಾನ್ರೇ" ಎಂದ. ಅದೇ ಹೊತ್ತಿಗೆ ಪಕ್ಕದಲ್ಲಿ ಹೆಂಡತಿ "ಅದನ್ನ ಹೇಳೋಕೆ ಆಗಲ್ಲ" ಎಂದಳು.

ಮನೆಗೆ ಹೊರಡುವಾಗ ಅವಳೇ ಸ್ಟೀರಿಂಗ್ ಹಿಡಿದಳು. ಇನ್ನು ಪಕ್ಕದಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನವಿಡೀ ಪಿಸುಗುಟ್ಟಿ ದಣಿದಿದ್ದ ಮಾವ ಹಿಂದಿನ ಹಲಗೆಯ ಮೇಲೆ ಉರುಳಿಕೊಂಡು ಕಣ್ಣು ಮುಚ್ಚಿದ. ಹಾರ್ನಪ್ಪ ಪಕ್ಕದ ಸೀಟಿನಲ್ಲಿ ಕೂತ. "ವಿಶ್ರಾಂತಿ ಲೆಕ್ಕ?" ಎಂದು ಅವಳು ಹುಬ್ಬೇರಿಸಿದಳು. "ಮನೆಗೆ ಹೋಗಿ ಹೊಸದಾಗಿ ಶುರು ಮಾಡ್ತೀನಿ. ನಾಳೆ ನಾನು ಎಲ್ಲಿಗೂ ಹೋಗೋದಿಲ್ಲ" ಎಂದ.

ತನ್ನ ಲಾರಿಯ ಪಕ್ಕದ ಸೀಟಿನಲ್ಲಿ ಕೂತು ಈ ರಸ್ತೆಯಲ್ಲಿ ಅವನು ಎಂದೂ ಹೋದವನಲ್ಲ. ರಸ್ತೆಯ ಗೆರೆ, ಮುಂದಿನ ಗಾಡಿಯ ಬೆನ್ನು, ಬದಿಯ ಕಲ್ಲುಕಂಬ, ಇಷ್ಟೇ ಅವನಿಗೆ ಪರಿಚಯ. ಈಗ ಕುತ್ತಿಗೆ ಹೊರಳಿಸಿ ನೋಡಲು ಯಾರ ಅಡ್ಡಿಯೂ ಇರಲಿಲ್ಲ. ಬದಿಯ ಇಳಿಜಾರಿನಾಚೆ ಒಂದು ಕೆರೆ ಕಾಣಿಸಿತು.

"ಏ, ಇಲ್ಲಿ ಕೆರೆ ಇದೆ ಕಣೆ! ಇದು ಯಾವಾಗ ಬಂತು?"

"ಅದು ನಮ್ಮಪ್ಪ ಹುಟ್ಟೋಕೆ ಮುಂಚೆಯಿಂದ ಇದೆ."

"ಬಾತುಕೋಳಿಗಳೂ ಇವೆ! ಅಲ್ಲಿ ನೋಡು, ಯಾರದೋ ಮನೆ, ನೀಲಿ ಬಾಗಿಲು. ಮೇಲೆ ಬೆಕ್ಕು ಕೂತಿದೆ. ಅಯ್ಯೋ, ಈ ಕಡೆ ಇಷ್ಟೆಲ್ಲ ಇದೆಯಾ? ನೋಡೇ, ನೋಡು..."

"ನಾನು ನೋಡೋ ಹಾಗಿಲ್ಲ ರೀ. ನಾನು ಓಡಿಸ್ತಿದ್ದೀನಿ" ಎಂದು ಅವಳು ನಕ್ಕಳು. "ನೀವು ನೋಡಿ ಹೇಳ್ತಾ ಹೋಗಿ. ಬಂದರಿನ ತನಕ."

ಹಾರ್ನಪ್ಪ ಗಾಜನ್ನು ಪೂರ್ತಿ ಇಳಿಸಿ, ಮೊಣಕೈಯನ್ನು ಕಿಟಕಿಯ ಮೇಲಿಟ್ಟು, ನೋಡಿದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದ.